ಗೆದ್ದ ಮ್ಯಾಚನ್ನು ವಾಪಸು ಕೊಟ್ಟವಳು

ನಮ್ಮ ನಾದಿನಿ ತನ್ನ ಇಡೀ ಜೀವಮಾನದಲ್ಲಿ ಗೆದ್ದದ್ದು ಒಂದೇ ಒಂದು ಮ್ಯಾಚು. ಅದನ್ನೂ ಅವಳು ವಾಪಸು ಕೊಟ್ಟುಬಿಟ್ಟಳು!

ಅಳತೆ ಕೆಟ್ಟ ರವಿಕೆಯನ್ನು ದರ್ಜಿಗೆ ವಾಪಸು ಕೊಡುವವರನ್ನು ಕಂಡಿದ್ದೇನೆ. ಹುಳ ಬಿದ್ದ ತೊಗರಿಬೇಳೆಯನ್ನು ನಾನೇ ಎಷ್ಟೋ ಸಲ ಅಂಗಡಿಗೆ ವಾಪಸು ಕಳಿಸಿದ್ದೇನೆ. ಆದರೆ ಗೆದ್ದ ಮ್ಯಾಚು? ಅದೂ ಹದಿಮೂರು ವರ್ಷ ಕಾದು ಕಾದು ಕೈಗೆ ಬಂದದ್ದು? ಆ ದಿನ ಏನಾಯಿತೆಂದು ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ಹಾಗೆ ನೋಡಿದರೆ ಸಾಫ್ಟ್‌ಬಾಲ್ ಎಂಬ ಆಟವೇ ನನಗೆ ಅರ್ಥವಾಗಿಲ್ಲ. ಆ ಹದಿಮೂರು ವರ್ಷವೂ ಅವಳ ಟೀಮಿನ ಸ್ಕೋರರ್ ಆಗಿದ್ದವಳು ನಾನೇ ಎಂಬುದು ಬೇರೆ ಮಾತು.

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿನ ಸಿಸ್ಟರುಗಳು ನನಗೆ ಕರ್ಸಿವ್ ಅಕ್ಷರ, ಎಲೊಕ್ಯೂಶನ್, ಸೂಪನ್ನು ಸದ್ದಿಲ್ಲದೆ ಕುಡಿಯುವ ವಿದ್ಯೆ, ಎಲ್ಲವನ್ನೂ ಕಲಿಸಿದ್ದರು. ಒಂದು ಸ್ಪೋರ್ಟ್ಸ್ ಡೇಯಲ್ಲಿ ಇನ್ನೂರು ಮೀಟರ್ ಓಡಿ ನೀಲಿ ರಿಬ್ಬನ್ ಕೂಡ ಗೆದ್ದಿದ್ದೆ. ಆಮೇಲೆ ಧಾರವಾಡದ ಮನೆತನಕ್ಕೆ ಸೊಸೆಯಾದೆ. ಯಜಮಾನರ ಕಾರ್ಖಾನೆಯ ನೌಕರಿಯಿಂದಾಗಿ ನಾಗಪುರಕ್ಕೆ ಬಂದೆ. ಓಟ ಅಲ್ಲಿಗೇ ನಿಂತಿತು. ಸೊಸೆಯಾದವಳು ಓಡಿದರೆ ಜನ ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರಲ್ಲವೇ?

ಯಜಮಾನರ ತಂಗಿ ನನಗಿಂತ ಮೂರು ವರ್ಷಕ್ಕೆ ಚಿಕ್ಕವಳು. ಮದುವೆ ಬೇಡವೆಂದು ನಮ್ಮ ಜೊತೆಗೇ ಇದ್ದಳು. ಅತ್ತಿಗೆಯಾದ ನನ್ನನ್ನು ಧಾರವಾಡದ ರೂಢಿಯಂತೆ ವೈನಿ ಎನ್ನುತ್ತಿದ್ದಳು. ಇಲ್ಲಿನ ಒಂದು ಮರಾಠಿ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳದ ಟೀಚರ್. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅವರ ಹೆಡ್‌ಮಿಸ್ಟ್ರೆಸ್ ಟೀಚರುಗಳಿಗೆಲ್ಲ ಒಂದೊಂದು ಆಟ ಹಂಚಿದರು. ಖೋಖೋ, ಕಬಡ್ಡಿ, ಲೇಜಿಮ್ ಎಲ್ಲವನ್ನೂ ಸೀನಿಯರುಗಳು ಬಾಚಿಕೊಂಡರು. ಆ ದಿನ ಹಲ್ಲುನೋವೆಂದು ರಜೆ ಹಾಕಿದ್ದ ನಮ್ಮ ನಾದಿನಿಗೆ ಉಳಿದದ್ದು ಸಾಫ್ಟ್‌ಬಾಲ್. ಭೂಮಿಯೂ ದುಂಡಗಿದೆ, ಚೆಂಡೂ ದುಂಡಗಿದೆ, ಇನ್ನೇನು ಬೇಕು ಎಂದುಕೊಂಡರೋ ಏನೋ!

ಮೊದಲ ವಾರವೇ ಅಂಗಡಿಯಿಂದ ಆಟದ ಸಾಮಾನು ಬಂತು. ಎರಡು ಬ್ಯಾಟು, ಆರು ಚೆಂಡು, ಒಂಬತ್ತು ಚರ್ಮದ ಗ್ಲೌಸು. ನಾದಿನಿ ಗ್ಲೌಸುಗಳನ್ನು ನಮ್ಮ ನಡುಮನೆಯ ತುಂಬ ಹರವಿಕೊಂಡು ಕೂತಳು.

"ವೈನಿ, ಇಲ್ಲಿ ನೋಡ್ರಿ ಮೋಸ! ಒಂಬತ್ತೂ ಎಡಗೈವೇ ಕಳಿಸ್ಯಾರ. ಬಲಗೈವು ಎಲ್ಲಿ ಹೋದವು?"

ನಾನೂ ಎಣಿಸಿದೆ. ನಿಜವೇ! ನನ್ನ ಕಾನ್ವೆಂಟ್ ರಕ್ತ ಕುದಿಯಿತು. ಅಂದೇ ಒಂದು ಪತ್ರ ಬರೆದೆ. "ವಿ ರಿಗ್ರೆಟ್ ಟು ನೋಟ್" ಎಂದು ಶುರುವಾಗಿ, ಜೋಡಿ ವಸ್ತುಗಳನ್ನು ಜೋಡಿಯಾಗಿಯೇ ಕಳಿಸಬೇಕೆಂಬ ಸಾಮಾನ್ಯ ಸೌಜನ್ಯವನ್ನು ನೆನಪಿಸಿ, "ಯುವರ್ಸ್ ಇನ್ ಡಿಸಪಾಯಿಂಟ್‌ಮೆಂಟ್" ಎಂದು ಮುಗಿಯುವ ಪತ್ರ. ಅಷ್ಟು ಚಂದದ ಪತ್ರವನ್ನು ನಾನು ಅದಕ್ಕೆ ಮೊದಲು ಬರೆದಿರಲಿಲ್ಲ. ಅಂಗಡಿಯವನು ಅದೇ ಹಾಳೆಯ ಹಿಂದೆ ಹಿಂದಿಯಲ್ಲಿ ಒಂದೇ ಸಾಲು ಗೀಚಿ ಕಳಿಸಿದ: ಮ್ಯಾಡಮ್, ಒಂದು ಕೈಯಲ್ಲಿ ಹಿಡಿಯಬೇಕು, ಇನ್ನೊಂದು ಕೈ ಎಸೆಯೋದಕ್ಕೆ.

ನಾದಿನಿ ಆ ಸಾಲನ್ನು ಮೂರು ಸಲ ಓದಿದಳು. "ಬರೋಬರ್ ಅದ," ಎಂದಳು. ಅವಳ ಸಾಫ್ಟ್‌ಬಾಲ್ ವಿದ್ಯಾಭ್ಯಾಸ ಶುರುವಾದದ್ದು ಹೀಗೆ.

ಆಮೇಲೆ ಎಲ್ಲಿಂದಲೋ ಟ್ರೇನಿಂಗಿನ ಒಂದು ಇಂಗ್ಲಿಷ್ ಪುಸ್ತಕ ತಂದಳು. ಓದಿ ಹೇಳುವ ಕೆಲಸ ನನ್ನದು. ಅದರಲ್ಲಿ ಪುಟಕ್ಕೊಂದು ಯಂತ್ರದ ಚಿತ್ರ. ಮಣಿಕಟ್ಟಿಗೊಂದು ಯಂತ್ರ, ತೋಳಿಗೊಂದು, ತೊಡೆಗೊಂದು. ಅವಳ ಶಾಲೆಯಲ್ಲಿದ್ದ ಏಕೈಕ ಯಂತ್ರವೆಂದರೆ ಗಂಟೆ. ನಾದಿನಿ ಪುಸ್ತಕ ಮುಚ್ಚಿ ನಮ್ಮ ಮನೆಯನ್ನು ಒಮ್ಮೆ ಸುತ್ತಲೂ ನೋಡಿದಳು. ಆ ನೋಟದ ಅರ್ಥ ನನಗೆ ಮಾರನೆಯ ಬೆಳಿಗ್ಗೆ ಐದು ಗಂಟೆಗೆ ತಿಳಿಯಿತು. ಹೊರಗೆ ಸೀಟಿ ಊದಿದ ಸದ್ದು, ಅಂಗಳದಲ್ಲಿ ಹನ್ನೆರಡು ಹುಡುಗಿಯರು!

ಮಣಿಕಟ್ಟಿಗೆ ಚಪಾತಿ ಹಿಟ್ಟು ನಾದುವುದು. ಮುಂಗೈಗೆ ಒದ್ದೆ ಬೆಡ್‌ಶೀಟ್ ಹಿಂಡುವುದು. ಈ ತುದಿಗೊಬ್ಬಳು, ಆ ತುದಿಗೊಬ್ಬಳು. ನನ್ನ ಮದುವೆಯ ಕಾಲದ, ಕಸೂತಿ ಹಾಕಿದ ಬೆಡ್‌ಶೀಟು ಮೊದಲನೆಯ ದಿನವೇ ಎರಡಾಯಿತು. ನಾದಿನಿಗೆ ಹರ್ಷವೋ ಹರ್ಷ. "ನೋಡ್ರಿ ವೈನಿ, ಹುಡುಗ್ಯಾರ ಕೈಯಾಗ ಏನ್ ಶಕ್ತಿ ಬಂತು!"

ವಿಕೆಟ್ ಕೀಪರಿನಂತೆ ಹಿಂದೆ ಕೂರುವ ಹುಡುಗಿಗೆ ಕ್ಯಾಚರ್ ಎನ್ನುತ್ತಾರೆ. ಆಟ ಮುಗಿಯುವವರೆಗೂ ಅವಳು ಕುಕ್ಕರಗಾಲಲ್ಲೇ ಕೂರಬೇಕಂತೆ. ಅದಕ್ಕೂ ನಾದಿನಿ ದಾರಿ ಕಂಡುಹಿಡಿದಳು. ಚಳಿಗಾಲದಲ್ಲಿ ಬಟಾಣಿ ಬಂದ ಕೂಡಲೇ ಆ ಹುಡುಗಿಯನ್ನು ನಮ್ಮ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂರಿಸಿ, ಎರಡು ಕಿಲೋ ಬಟಾಣಿ ಮುಂದಿಟ್ಟಳು. ಸುಲಿದು ಮುಗಿಯುವ ತನಕ ಏಳುವಂತಿಲ್ಲ!

"ಮ್ಯಾಡಮ್, ಪಾಯ ದುಖತಾತ," ಎಂದು ಹುಡುಗಿ ಮರಾಠಿಯಲ್ಲಿ ಗೋಳಿಟ್ಟಳು. ಕಾಲು ನೋಯುತ್ತಿದೆಯಂತೆ.

"ನೋಯಬೇಕು. ನೋಯ್ಲಿಕ್ಕೇ ಕೂಡಿಸೇನಿ," ಎಂದಳು ನಾದಿನಿ ಶುದ್ಧ ಧಾರವಾಡ ಕನ್ನಡದಲ್ಲಿ. ಹುಡುಗಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಮತ್ತೆ ಬಟಾಣಿ ಸುಲಿಯತೊಡಗಿದಳು.

ಮೇ ತಿಂಗಳ ಕಥೆಯಂತೂ ಕೇಳಬೇಡಿ. ನಾಗಪುರದ ಬೇಸಿಗೆಯಲ್ಲಿ ಮನೆಮನೆಗೂ ಕೂಲರ್. ಅದಕ್ಕೆ ಬೆಳಿಗ್ಗೆ ಸಂಜೆ ಬಕೆಟ್ಟುಗಟ್ಟಲೆ ನೀರು ಸುರಿಯಬೇಕು. ತೋಳಿಗೂ ತೊಡೆಗೂ ಇದಕ್ಕಿಂತ ಒಳ್ಳೆಯ ವ್ಯಾಯಾಮವಿದೆಯೇ? ಎರಡು ಕೈಯಲ್ಲಿ ಎರಡು ಬಕೆಟ್ಟು, ನಲ್ಲಿಯಿಂದ ಕೂಲರಿನ ತನಕ ಓಟ, ಒಂದು ಹನಿ ಚೆಲ್ಲಿದರೆ ಮತ್ತೆ ಮೊದಲಿಂದ! ನಮ್ಮ ಮನೆಯ ಎರಡು ಕೂಲರು ಐದು ನಿಮಿಷಕ್ಕೆ ತುಂಬಿ ತುಳುಕಿದವು. ಆಮೇಲೆ ಪಕ್ಕದ ಮನೆಯದು, ಎದುರು ಮನೆಯದು. ಮೂರನೆಯ ದಿನ ಹಿಂದಿನ ಬೀದಿಯ ದೇಶಪಾಂಡೆ ಕಾಕೂ ಮುಖ ಸಣ್ಣದು ಮಾಡಿಕೊಂಡು ಬಂದರು. ನಮ್ಮ ಬೀದಿ ಸಾಫ್ಟ್‌ಬಾಲ್‌ಗೆ ಏನು ಅನ್ಯಾಯ ಮಾಡಿದೆ, ನಮ್ಮ ಮನೆಗೇಕೆ ಟ್ರೇನಿಂಗ್ ಬರುತ್ತಿಲ್ಲ ಎಂದು!

ಇಷ್ಟೆಲ್ಲ ಮಾಡಿ ಗೆದ್ದರೇ? ಎಲ್ಲಿಯ ಗೆಲುವು! ಪ್ರತಿವರ್ಷ ಜಿಲ್ಲಾ ಟೂರ್ನಮೆಂಟು, ಪ್ರತಿವರ್ಷ ಮೊದಲ ಮ್ಯಾಚಿನಲ್ಲೇ ಸೋಲು. "ರಿಟೈರ್ ಆಗೋದ್ರೊಳಗ ಒಂದ ಮ್ಯಾಚ್ ಗೆಲ್ಲಬೇಕು ವೈನಿ. ಕಪ್ಪು ಬ್ಯಾಡ. ಒಂದ ಮ್ಯಾಚ್ ಸಾಕು," ಎನ್ನುತ್ತಿದ್ದಳು. ಊಟ ಮಾಡುವಾಗ ಹೇಳುತ್ತಿದ್ದಳು, ಉತ್ತರ ಪತ್ರಿಕೆ ತಿದ್ದುವಾಗ ಹೇಳುತ್ತಿದ್ದಳು, ಅನಂತನ ವ್ರತದ ದಿನ ದಾರ ಕಟ್ಟಿಕೊಳ್ಳುವಾಗಲೂ ಅದನ್ನೇ ಬೇಡಿಕೊಂಡಳು.

ಒಂದು ವರ್ಷ ಇನ್ನೇನು ಗೆದ್ದೇಬಿಟ್ಟರು ಎನ್ನುವಷ್ಟು ಹತ್ತಿರ ಬಂದಿದ್ದರು. ಈ ಆಟದಲ್ಲಿ ಮೈದಾನದ ನಾಲ್ಕು ಮೂಲೆಗೆ ನಾಲ್ಕು ಬೇಸು. ಚೆಂಡು ಹೊಡೆದವಳು ನಾಲ್ಕನ್ನೂ ಮುಟ್ಟಿ ಹೊರಟಲ್ಲಿಗೇ ಮರಳಿ ಬಂದರೆ ಒಂದು ರನ್. ನಾದಿನಿ ಸಂಜೆ ಶಾಲೆಯ ಮೈದಾನದಲ್ಲಿ ಮರಳು ತುಂಬಿದ ಗೋಣಿಚೀಲಗಳನ್ನು ಇಟ್ಟು ಹುಡುಗಿಯರನ್ನು ಓಡಿಸುತ್ತಿದ್ದಳು. "ಮುಂದ ಯಾರರೆ ಇರ್ಲಿ, ದಾಟಿ ಹೋಗ್ರಿ!" ಎಂಬುದು ಅವಳ ಮಂತ್ರ. ಹುಡುಗಿಯರು ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಮ್ಯಾಚಿನ ಕೊನೆಯಲ್ಲಿ, ಗೆಲ್ಲಲು ಎರಡೇ ರನ್ ಬೇಕಿದ್ದಾಗ, ಒಬ್ಬರ ಹಿಂದೊಬ್ಬರು ಓಡುತ್ತಿದ್ದ ನಮ್ಮ ಇಬ್ಬರಲ್ಲಿ ಹಿಂದಿನವಳು ಮಿಂಚಿನ ಹಾಗೆ ಬಂದು ಮುಂದಿನವಳನ್ನು ದಾಟಿ ಹೋದಳು. ಅಂಪೈರ್ ಕೈ ಎತ್ತಿ "ಔಟ್!" ಎಂದರು. ಮುಂದೆ ಓಡುತ್ತಿರುವ ನಮ್ಮವಳನ್ನೇ ನಾವು ದಾಟಬಾರದಂತೆ! ಇದೆಂಥ ನಿಯಮ? ಚುರುಕಾದವಳಿಗೆ ಶಿಕ್ಷೆಯೇ? ನನಗಂತೂ ಗೊಂದಲವೋ ಗೊಂದಲ. ಔಟ್ ಎಂದು ಯಾರ ಹೆಸರಿನ ಮುಂದೆ ಬರೆಯಲಿ ಎಂದು ತಿಳಿಯದೆ, ಪೆನ್ಸಿಲಿನಲ್ಲಿ ಇಬ್ಬರ ಮುಂದೆಯೂ ಬರೆದೆ.

"ಹೊರಟಲ್ಲಿಗೇ ಬರೋದಕ್ಕೆ ಇಷ್ಟು ಓಡಬೇಕೇನೇ? ನಿಂತಲ್ಲೇ ನಿಂತಿದ್ದರೆ ಆಗೋಲ್ವೆ?" ಎಂದು ನಾನು ಕೇಳುತ್ತಿದ್ದೆ.

"ಓಡಿದ್ರ ತಿಳೀತದ, ವೈನಿ. ಬರ್ರಿ, ಒಂದ್ ರೌಂಡ್ ಹೊಡೀರಿ," ಎನ್ನುತ್ತಿದ್ದಳು. ಪ್ರತಿ ಸಂಜೆಯೂ ಇದೇ ಕರೆ.

"ಮೈ ಡಿಯರ್, ನನ್ನ ಮಂಡಿ ನೋಡಿದ್ದೀಯಾ? ನಾನು ಬರೆಯೋಳು, ಓಡೋಳಲ್ಲ," ಎಂದು ನಾನು ಕುರ್ಚಿಯಲ್ಲಿ ಸರಿಯಾಗಿ ಕೂತು ಪೆನ್ನಿನ ಕ್ಯಾಪು ಬಿಚ್ಚುತ್ತಿದ್ದೆ. ಇದೂ ಪ್ರತಿ ಸಂಜೆಯ ಉತ್ತರ.

ಹೀಗೇ ಹದಿಮೂರನೆಯ ವರ್ಷ ಬಂತು. ಬರುವ ಏಪ್ರಿಲಿನಲ್ಲಿ ಅವಳಿಗೆ ರಿಟೈರ್ಮೆಂಟು, ಅದಕ್ಕೆ ಮೊದಲು ಡಿಸೆಂಬರಿನಲ್ಲಿ ಕೊನೆಯ ಟೂರ್ನಮೆಂಟು. ಬೆಳಿಗ್ಗೆ ಒಂಬತ್ತಕ್ಕೆ ಮ್ಯಾಚು. ನಮ್ಮ ಹುಡುಗಿಯರು ಎಂಟಕ್ಕೇ ಬೆವರು ಹರಿಸಿಕೊಂಡು ಸಿದ್ಧ. ಎದುರಾಳಿಗಳ ಪತ್ತೆಯಿಲ್ಲ. ಒಂಬತ್ತಾಯಿತು, ಒಂಬತ್ತೂವರೆಯಾಯಿತು. ಅಂಪೈರ್ ಗಡಿಯಾರ ನೋಡಿ, ನಮ್ಮ ಟೀಮಿಗೆ ವಾಕೋವರ್, ಆಡದೆಯೇ ಗೆಲುವು ಎಂದು ಘೋಷಿಸಿಯೇಬಿಟ್ಟರು.

ಹುಡುಗಿಯರು ಕುಣಿದರು. ನಾನು ಸ್ಕೋರ್‌ಬುಕ್ಕಿನಲ್ಲಿ ನನ್ನ ಅತ್ಯುತ್ತಮ ಕರ್ಸಿವ್‌ನಲ್ಲಿ "ವನ್" ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದೆ. ಹದಿಮೂರು ವರ್ಷದಲ್ಲಿ, ಗೆದ್ದೆವು ಎಂಬ ಆ ಪದ ಬರೆದದ್ದು ಅದೇ ಮೊದಲು!

ತಲೆಯೆತ್ತಿ ನೋಡಿದರೆ ನಾದಿನಿ ಅಂಪೈರ್ ಹತ್ತಿರ ನಿಂತಿದ್ದಾಳೆ. ಮೈದಾನದ ಆಫೀಸಿಗೆ ಫೋನ್ ಬಂದಿತ್ತಂತೆ. ಎದುರಾಳಿ ಹುಡುಗಿಯರ ಟೆಂಪೋ ಊರಂಚಿನ ವಾಡಿಯಲ್ಲಿ, ಟ್ರಕ್ಕುಗಳ ನಡುವೆ ಕೆಟ್ಟು ನಿಂತಿದೆಯಂತೆ.

"ವಾಡಿ ಅಂದ್ರ ಇಲ್ಲೇ ಅದ. ಬರ್ತಾರ. ನಾವು ಕಾಯ್ತೀವಿ," ಎಂದಳು.

ನಾನು ಓಡಿದೆ ಎನ್ನಲಾರೆ, ಬೇಗ ಬೇಗ ನಡೆದೆ. "ಏನೇ ಇದು, ತಲೆ ಕೆಟ್ಟಿದೆಯಾ? ಗೆದ್ದಿದ್ದೀಯ ಕಣೇ! ಅನಂತನ ದಾರ ಕಟ್ಟಿಕೊಂಡು ಬೇಡಿದ್ದು ಮರೆತುಹೋಯ್ತಾ? ನಿನಗೆ ಇನ್ನೊಂದು ವರ್ಷ ಇಲ್ಲ!"

"ವೈನಿ, ಈ ಹುಡುಗ್ಯಾರು ಜೂನ್‌ದಿಂದ ಮುಂಜಾನೆ ಐದಕ್ಕ ಎದ್ದಾರ. ಕೈಗೆ ಚೆಂಡ ಹತ್ತಿಲ್ಲ, ಗೆದ್ದೀವಿ ಅಂತ ಮನಿಗೆ ಹೆಂಗ ಕಳಿಸ್ಲಿ? ಆ ಹುಡುಗ್ಯಾರೂ ಐದಕ್ಕೇ ಎದ್ದಿರ್ತಾರಲ್ಲ." ಆಮೇಲೆ ಸ್ವಲ್ಪ ತಡೆದು, "ಪತ್ರ ಬರದ ಕೊಡಬೇಕಂತ. ಇಂಗ್ಲಿಷ್‌ನ್ಯಾಗ. ಜಲ್ದಿ ಬರೀರಿ."

ಬರೆದೆ. ಏನು ಮಾಡಲಿ? "ವಿ ರಿಗ್ರೆಟ್ ಟು ರಿಟರ್ನ್ ದಿ ವಿಕ್ಟರಿ" ಎಂದು ಶುರು ಮಾಡಿದೆ. ಅಂಪೈರ್ ಅದನ್ನು ಓದಿ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಓದಿದರು. "ಮ್ಯಾಡಮ್, ಐಸಾ ಲೆಟರ್ ಪಹಲೀ ಬಾರ್ ದೇಖಾ," ಎಂದರು. ನಾನೂ ಇಂಥದ್ದನ್ನು ಬರೆದದ್ದು ಅದೇ ಮೊದಲಪ್ಪಾ ಎಂದುಕೊಂಡೆ.

ಹನ್ನೊಂದೂವರೆಗೆ ಆ ಹುಡುಗಿಯರು ಬಂದರು. ಟೆಂಪೋ ತಳ್ಳಿ ತಳ್ಳಿ ಕೈಯೆಲ್ಲ ಗ್ರೀಸು, ಹೊಟ್ಟೆ ಖಾಲಿ. ನಾದಿನಿ ನಮ್ಮ ಹುಡುಗಿಯರಿಗೆಂದು ತಂದಿದ್ದ ಪೋಹೆಯ ಡಬ್ಬಿಯನ್ನು ಅವರ ಮುಂದಿಟ್ಟಳು. ತಿಂದ ಮೇಲಾದರೂ ಬಿಟ್ಟಳೇ? ಸೀಟಿ ಊದಿ, ಎದುರಾಳಿಗಳನ್ನೇ ಸಾಲಾಗಿ ನಿಲ್ಲಿಸಿ, ಅರ್ಧ ಗಂಟೆ ವಾರ್ಮ್‌ಅಪ್ ಮಾಡಿಸಿದಳು! "ಮೈ ಕಾಯಿಸ್ಲಾರ್ದ ಓಡಿದ್ರ ಸ್ನಾಯು ಹರೀತಾವ." ತನ್ನನ್ನು ಸೋಲಿಸಲು ಬಂದವರನ್ನು ತಾನೇ ಹುರಿಗೊಳಿಸುವ ಕೋಚನ್ನು ಲೋಕದಲ್ಲಿ ಬೇರೆಲ್ಲಾದರೂ ಕಂಡಿದ್ದೀರಾ?

ಅವರು ಚೆನ್ನಾಗಿಯೇ ಹುರಿಗೊಂಡರು. ಏಳು–ಆರು. ನಾವು ಸೋತೆವು.

"ವನ್" ಎಂಬುದನ್ನು ಹೊಡೆದು ಹಾಕಿ, ನಿಯಮದಂತೆ ಪಕ್ಕದಲ್ಲಿ ನನ್ನ ಇನಿಶಿಯಲ್ ಹಾಕಿದೆ. ಪೆನ್ನಿನ ಮೊನೆ ಹಾಳೆಯನ್ನು ಹರಿಯುವಷ್ಟು ಒತ್ತಿಯೇ ಹಾಕಿದೆ. ನಮ್ಮ ಹುಡುಗಿಯರು ಅಳುತ್ತಿದ್ದರು. ಎದುರಾಳಿಗಳು ಬಂದು ನಾದಿನಿಯ ಕಾಲು ಮುಟ್ಟಿದರು. ಇವಳು ಎಲ್ಲರ ಬೆನ್ನು ತಟ್ಟಿ, ಗ್ಲೌಸುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿದಳು. ಒಂಬತ್ತು. ಎಲ್ಲವೂ ಎಡಗೈಯವು. ಬ್ಯಾಟನ್ನು ಮಾತ್ರ ಚೀಲಕ್ಕೆ ಹಾಕದೆ ನನ್ನ ಹತ್ತಿರ ತಂದಳು.

"ಬರ್ರಿ ವೈನಿ. ಒಂದ್ ರೌಂಡ್."

"ನನ್ನ ಮಂಡಿ..." ಎಂದೆ.

"ಇವತ್ತ ಕಡೀ ದಿನ ಅದ."

ಅರವತ್ತೊಂದು ವರ್ಷದ ನಾನು ಸೆರಗು ಸಿಕ್ಕಿಸಿ, ಚಪ್ಪಲಿ ಬಿಟ್ಟು ನಿಂತೆ. ಅವಳು ಕೆಳಗಿನಿಂದ ಮೆತ್ತಗೆ ಚೆಂಡು ಎಸೆದಳು. ಮೊದಲನೆಯದು ತಪ್ಪಿತು, ಎರಡನೆಯದು ತಪ್ಪಿತು, ಮೂರನೆಯದೂ ತಪ್ಪಿತು. ಮೂರು ತಪ್ಪಿದರೆ ಔಟ್ ಎಂಬ ಒಂದೇ ನಿಯಮ ನನಗೆ ಗೊತ್ತಿದ್ದದ್ದು. ಅವಳಿಗೆ ಆ ದಿನ ಅದು ಮರೆತುಹೋಗಿತ್ತು. ಐದನೆಯದೋ ಆರನೆಯದೋ ಬ್ಯಾಟಿಗೆ ತಗುಲಿ ಉರುಳಿಕೊಂಡು ಹೋಯಿತು.

"ಪಳಾ, ಕಾಕೂ, ಪಳಾ!" ಎರಡೂ ಟೀಮಿನ ಹುಡುಗಿಯರು ಮರಾಠಿಯಲ್ಲಿ ಕಿರುಚಿದರು. ಓಡಿ ಚಿಕ್ಕಮ್ಮಾ, ಓಡಿ!

ಓಡಿದೆ. ಅದನ್ನು ಓಟವೆನ್ನಲು ಸಿಸ್ಟರುಗಳು ಒಪ್ಪುತ್ತಿರಲಿಲ್ಲ. ಮೊದಲ ಬೇಸ್, ಎರಡನೆಯದು, ಮೂರನೆಯದು. ಹಿಂದಿನಿಂದ ಯಾರೂ ನನ್ನನ್ನು ದಾಟಲಿಲ್ಲ. ಕೊನೆಗೆ ನೋಡಿದರೆ ಹೊರಟ ಜಾಗದಲ್ಲಿ ನಾದಿನಿ ಎರಡೂ ತೋಳು ಚಾಚಿ ನಿಂತಿದ್ದಳು, ಅಂಪೈರುಗಳು "ಸೇಫ್" ಎನ್ನುವಾಗ ಚಾಚುತ್ತಾರಲ್ಲ, ಹಾಗೆ. ನಾನು ನಿಲ್ಲಲಾರದೆ ಹೋಗಿ ಆ ತೋಳುಗಳ ನಡುವೆಯೇ ಬಿದ್ದೆ.

ನಾನು ಉಸಿರು ಹುಡುಕುತ್ತಿರುವಾಗ ಅವಳು ನನ್ನ ಸ್ಕೋರ್‌ಬುಕ್ಕು ಎತ್ತಿಕೊಂಡು ಏನೋ ಬರೆದಳು.

"ಹದಿಮೂರು ವರ್ಷ ಮಂದಿ ರನ್ ಬರದ್ರಿ, ವೈನಿ," ಎಂದಳು ತಲೆಯೆತ್ತದೆ. "ನಿಮ್ಮ ಹೆಸರಿಲೆ ಒಂದೂ ಇರಲಿಲ್ಲ."

ಆ ಪುಸ್ತಕ ಈಗಲೂ ನನ್ನ ಹತ್ತಿರವೇ ಇದೆ. ಕೊನೆಯ ಪುಟದಲ್ಲಿ ಒಂಬತ್ತು ಹುಡುಗಿಯರ ಹೆಸರು ನನ್ನ ಅಚ್ಚುಕಟ್ಟಾದ ಕರ್ಸಿವ್‌ನಲ್ಲಿವೆ. ಅವುಗಳ ಕೆಳಗೆ ಅವಳ ಸೊಟ್ಟ ಕನ್ನಡದಲ್ಲಿ "ವೈನಿ", ಮುಂದೆ ಒಂದು. ಮೊತ್ತ ಏಳು–ಏಳು! ಸ್ಕೋರರ್ ಆಗಿ ನನಗೆ ಗೊತ್ತು, ಅದು ತಪ್ಪು ಎಂಟ್ರಿ. ಗೆರೆ ಹೊಡೆದು ಇನಿಶಿಯಲ್ ಹಾಕಬೇಕು. ಅವಳು ಹೋಗಿ ನಾಲ್ಕು ವರ್ಷವಾಯಿತು, ಇನ್ನು ಕೇಳುವವರೂ ಇಲ್ಲ. ಆದರೆ ಪ್ರತಿ ಸಲ ಆ ಪುಟ ತೆರೆದಾಗಲೂ ನನಗೆ ಪೆನ್ನು ಸಿಗುವುದಿಲ್ಲ. ಎಲ್ಲಿಟ್ಟೆನೋ, ಮನೆಯೆಲ್ಲ ಹುಡುಕುತ್ತೇನೆ. ಕೈಯಲ್ಲೇ ಇರುತ್ತದೆ.