ಹೂಂರಾಯನ ಕೊನೆಯ ವಾರ

ಮನೆಯೊಡತಿ ಮೆಟ್ಟಿಲಿಗೆ ಅಡ್ಡ ನಿಂತು ಏನೋ ಕೇಳಿದಳು. ಸ್ನಾನಕ್ಕೆ ಹೊರಟಿದ್ದ ಹೂಂರಾಯ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, ಆ ದೇಶದ ಭಾಷೆಯಲ್ಲಿ ಹೂಂ ಅಂದ. ಆದದ್ದು ಅಷ್ಟೇ.

ಒಂದು ಸೆಮಿಸ್ಟರ್ ಓದಿ ಬಾ ಎಂದು ಅವನ ಕಾಲೇಜು ಅವನನ್ನು ಪರದೇಶಕ್ಕೆ ಕಳಿಸಿತ್ತು. ಇಲ್ಲಿಯ ಭಾಷೆ ಪುಸ್ತಕದಲ್ಲಿದ್ದರೆ ಅವನಿಗೆ ಚೆನ್ನಾಗಿ ತಿಳಿಯುತ್ತಿತ್ತು. ಜನರ ಬಾಯಿಂದ ಬಂದರೆ ಮಾತ್ರ, ಓಡುವ ರೈಲಿನಿಂದ ಕಂಡ ಸ್ಟೇಷನ್ ಬೋರ್ಡಿನಂತೆ, ಅಕ್ಷರ ಕೂಡಿಸುವಷ್ಟರಲ್ಲಿ ಹಿಂದೆ ಹೋಗಿರುತ್ತಿತ್ತು. ಇನ್ನೊಮ್ಮೆ ಹೇಳಿ ಅನ್ನಲು ಸಂಕೋಚ. ಹಾಗಾಗಿ ಎಲ್ಲದಕ್ಕೂ ಹೂಂ. ಅವನಿಗೆ ಆ ಹೆಸರಿಟ್ಟದ್ದು ಇಲ್ಲಿಯ ಕಾಲೇಜಿನ ಪ್ರಯೋಗಶಾಲೆಯಲ್ಲಿ ಅವನ ಜೊತೆಗಿದ್ದ ಅವನ ಊರಿನ ಸೀನಿಯರ್. ಆತ ಇಲ್ಲಿಯ ಭಾಷೆಯನ್ನು ನೀರು ಕುಡಿದಂತೆ ಆಡುತ್ತಿದ್ದ.

ಸ್ನಾನ ಮುಗಿಸಿ ಬಂದರೆ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಮೇಲಿನ ಮನೆಗೆ ಬಣ್ಣ ಬಳಿಯುತ್ತಿದ್ದರು. ಅಲ್ಲಿಯ ಮುದಿ ದರ್ಜಿಯ ಬೀರು, ಹೊಲಿಗೆ ಯಂತ್ರ ಇವನ ಕೋಣೆಗೆ ಇಳಿದಿದ್ದವು. ದರ್ಜಿ ಇವನ ಮಂಚದ ಮೇಲೆ ಮಾವನ ಮನೆಗೆ ಬಂದ ಅಳಿಯನಂತೆ ಕೂತಿದ್ದ. ಹೂಂರಾಯ ಕೋಟು ಹಾಕಿಕೊಳ್ಳುತ್ತಿರುವಾಗ ದರ್ಜಿ ತೋಳು ಹಿಡಿದೆಳೆದು ಏನೋ ಕೇಳಿದ. ಮತ್ತೆ ಹೂಂ. ದರ್ಜಿ ಕೋಟು ಬಿಚ್ಚಿಸಿಕೊಂಡು ಕತ್ತರಿ ಹಾಕಿದ. ಒಂದು ತೋಳು ಗಿಡ್ಡವಾಗುವಷ್ಟರಲ್ಲೇ ಹೊತ್ತು ಮೀರಿತು. ಒಂದು ಕೈ ಅಣ್ಣನದು, ಇನ್ನೊಂದು ತಮ್ಮನದು ಎಂಬಂತೆ ಹೂಂರಾಯ ಕಾಲೇಜಿಗೆ ಓಡಿದ.

ಕಾಲೇಜಿನ ಮೊಗಸಾಲೆಯಲ್ಲಿ ಬಿಳಿ ಬಟ್ಟೆಯ ಹೆಂಗಸೊಬ್ಬಳು ನಗುತ್ತಾ ಏನೋ ಕೇಳಿದಳು. ನಗುವವರಿಗೆ ಇಲ್ಲ ಅನ್ನುವುದು ಹೇಗೆ. ಸ್ವಲ್ಪ ಹೊತ್ತಿನಲ್ಲಿ ಅವನು ಮಲಗಿದ್ದ, ಗಿಡ್ಡ ತೋಳಿನ ಕಡೆಯಿಂದ ರಕ್ತ ಬಾಟಲಿಗೆ ಇಳಿಯುತ್ತಿತ್ತು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಎದ್ದವನು ಗೋಡೆ ಹಿಡಿದುಕೊಂಡೇ ಸೀನಿಯರ್ ಇದ್ದಲ್ಲಿಗೆ ಹೋದ.

ಕತೆಯೆಲ್ಲ ಕೇಳಿ ಸೀನಿಯರ್ ಹೇಳಿದ: "ನೋಡು, ನೀನು ಹೀಗೇ ಹೂಂ ಅಂತಿದ್ರೆ ಸಂಜೆಗೆ ನಿನ್ನ ಕಿಡ್ನಿನೂ ಉಳಿಯಲ್ಲ. ಇವತ್ತು ಯಾರೇನೇ ಕೇಳ್ಲಿ, ಇಲ್ಲ, ಕ್ಷಮಿಸಿ ಅನ್ನು. ಎದೆ ಮೇಲೆ ಕೈಯಿಟ್ಟು ಮೆತ್ತಗೆ ಅನ್ನು. ಯಾರಿಗೂ ಬೇಜಾರಾಗಲ್ಲ."

"ಒರಟಾಗಿ ಕೇಳಿಸಲ್ವಾ?"

"ನಾನು ಹೇಳ್ಕೊಡ್ತೀನಲ್ಲ."

ಸೀನಿಯರ್ ಕೂರಿಸಿಕೊಂಡು ಆ ಎರಡು ಮಾತುಗಳ ಏರಿಳಿತವನ್ನೆಲ್ಲ ತಿದ್ದಿದ. ಹೂಂರಾಯನಿಗೆ ಕಣ್ಣು ತುಂಬಿ ಬಂತು. ಪರದೇಶದಲ್ಲಿ ಸ್ವಂತ ಅಣ್ಣನೂ ಇಷ್ಟು ಮಾಡುವುದಿಲ್ಲ ಅನಿಸಿತು.

ಮಧ್ಯಾಹ್ನ ಅವನು ತನ್ನ ಮೊಳಕೆಯ ತಟ್ಟೆಗಳಿಗೆ ನೀರು ಚಿಮುಕಿಸುತ್ತಿದ್ದ. ಉಪ್ಪು ಮಣ್ಣಿನಲ್ಲಿ ಬೀಜ ಮೊಳೆಸುವ ಅವನ ಪ್ರಯೋಗ ಈಗಷ್ಟೇ ಕೈಹಿಡಿದಿತ್ತು. ತೆನೆ ಬರುವವರೆಗೆ ಇದ್ದು ನೋಡಬೇಕೆಂದು ಜೀವ ಹಂಬಲಿಸುತ್ತಿತ್ತು, ಆದರೆ ಸೆಮಿಸ್ಟರ್ ಈ ವಾರಕ್ಕೆ ಮುಗಿಯುತ್ತಿತ್ತು. ಪ್ರೊಫೆಸರಮ್ಮ ಬಂದು ಪಕ್ಕದಲ್ಲಿ ನಿಂತರು. ಮೊಳಕೆ ತೋರಿಸಿದರು, ಅವನನ್ನು ತೋರಿಸಿದರು, ತುಂಬ ಹೊತ್ತು ಮಾತಾಡಿ ಕೊನೆಗೆ ಏನೋ ಕೇಳಿದರು. ತಟ್ಟೆ ತೊಳೆಯುವ ಕೆಲಸವಿರಬೇಕು ಅಂದುಕೊಂಡ ಹೂಂರಾಯ ಎದೆಯ ಮೇಲೆ ಕೈಯಿಟ್ಟು ಇಲ್ಲ, ಕ್ಷಮಿಸಿ ಅಂದ.

ಅವರ ಮುಖ ಸಪ್ಪಗಾಯಿತು. ಇನ್ನೊಮ್ಮೆ, ನಿಧಾನವಾಗಿ ಕೇಳಿದರು. ಅವನು ಇನ್ನೂ ಇಂಪಾಗಿ ಅದನ್ನೇ ಅಂದ. ಅವರು ಅವನ ಭುಜ ತಟ್ಟಿ ಹೊರಟುಹೋದರು. ಬಂದ ದಿನದಿಂದ ಇಲ್ಲಿ ಅವನಿಗೆ ಅಷ್ಟು ಧೈರ್ಯ ಬಂದದ್ದು ಅದೇ ಮೊದಲು.

ಸಂಜೆ ಸೀನಿಯರ್ ಕೋಣೆಗೆ ಬಂದು ದರ್ಜಿಯ ಬೀರುವಿಗೆ ಒರಗಿ ನಿಂತ.

"ಪ್ರೊಫೆಸರಮ್ಮ ಒಬ್ಬರನ್ನ ಇನ್ನೊಂದು ವರ್ಷ ಉಳಿಸ್ಕೊಳ್ತಾರಂತೆ. ಆ ಮೊಳಕೆ ಕೆಲಸಕ್ಕೆ. ಮೊದಲು ನಿನ್ನ ಕೇಳಿದ್ರಂತಲ್ಲ. ಒಲ್ಲೆ ಅಂದ್ಯಂತೆ. ಆಮೇಲೆ ನನ್ನ ಕೇಳಿದ್ರು."

ಹೂಂರಾಯ ಹೊಲಿಗೆ ಯಂತ್ರದ ಮೇಲೆಯೇ ಕುಸಿದು ಕೂತ.

"ಅವರು ಕೇಳ್ತಾರೆ ಅಂತ ನಿಂಗೆ ಮೊದಲೇ ಗೊತ್ತಿತ್ತಾ?"

"ಇವತ್ತು ಕೇಳ್ತಾರೆ ಅಂತ ಗೊತ್ತಿತ್ತು. ನಿನ್ನನ್ನೋ ನನ್ನನ್ನೋ ಅಂತ ಗೊತ್ತಿರ್ಲಿಲ್ಲ."

"ಈಗ್ಲೇ ಹೋಗಿ ನಿಜ ಹೇಳ್ತೀನಿ."

"ಹೇಳು. ಯಾವ ಭಾಷೇಲಿ ಹೇಳ್ತೀಯ?" ಸೀನಿಯರ್ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಅಕ್ಕರೆಯೇ ಇತ್ತು. "ಬೇಕಾದ್ರೆ ನಾನೂ ಬರ್ತೀನಿ, ನೀನು ಹೇಳಿದ್ದನ್ನ ನಾನು ಅವರಿಗೆ ತಿಳಿಸ್ತೀನಿ."

ಮಂಚದ ಮೇಲೆ ದರ್ಜಿ ಗೊರಕೆ ಹೊಡೆಯುತ್ತಿದ್ದ.

"ಅಂದ ಹಾಗೆ, ನೀನು ಹೋದ ಮೇಲೆ ಈ ಕೋಣೆ ನಂಗೇ ಅಂತ ಮನೆಯೊಡತಿ ಒಪ್ಪಿದಾಳೆ. ಬೆಳಕು ಚೆನ್ನಾಗಿದೆ." ಸೀನಿಯರ್ ಜೇಬಿನಿಂದ ಅಳತೆಯ ಟೇಪು ತೆಗೆದು ಕಿಟಕಿಯ ಹತ್ತಿರ ಹೋದ. "ಪರದೆಗೆ ಅಳತೆ ಬೇಕು. ಆ ತುದಿ ಸ್ವಲ್ಪ ಹಿಡ್ಕೋ."

ಹೂಂರಾಯ ಎದ್ದು ಹೋಗಿ ಹಿಡಿದುಕೊಂಡ.