ಅಟ್ಟ ತಣಿಸಲು ಹೋಗಿ

ಹಗಲು ನಿದ್ದೆ ಸೋಮಾರಿಗಳದ್ದು ಎನ್ನುವವರು ಯಾರೂ ರಾತ್ರಿ ಪಾಳಿ ಮಾಡಿದವರಲ್ಲ. ಕೈಗಾ ಅಣುಸ್ಥಾವರದಿಂದ ಕಂಪನಿ ಬಸ್ಸಿನಲ್ಲಿ ತೂಕಡಿಸುತ್ತ ಬೆಳಿಗ್ಗೆ ಶಿರವಾಡದ ಮನೆ ಮುಟ್ಟುವ ನನಗೆ ಹಗಲೇ ರಾತ್ರಿ. ಆದರೆ ಮೇ ತಿಂಗಳಲ್ಲಿ ನನ್ನ ಕೋಣೆಯೊಳಗೆ ಹೊಕ್ಕು ನೋಡಬೇಕು. ಮೇಲೆ ಹಂಚು, ಹಂಚಿನಡಿ ಅಟ್ಟ, ಅಟ್ಟದ ಹಲಗೆಯಡಿ ನಾನು. ಫ್ಯಾನು ಹಾಕಿದರೆ ಹಲಗೆಯ ಬಿಸಿಯನ್ನೆಲ್ಲ ಎಳೆದು ಮುಖಕ್ಕೇ ಊದುತ್ತದೆ. ಮಲಗುತ್ತೇನೆ, ಏಳುತ್ತೇನೆ, ನೀರು ಕುಡಿಯುತ್ತೇನೆ, ದಿಂಬು ತಿರುವಿ ಹಾಕುತ್ತೇನೆ, ಮತ್ತೆ ಏಳುತ್ತೇನೆ. ನನ್ನ ಕೆಂಪು ಕಣ್ಣು ಕಂಡು ಬಸ್ಸಿನ ಗೆಳೆಯರು ನನ್ನ ಅಭ್ಯಾಸಗಳ ಬಗ್ಗೆ ಬೇರೆಯೇ ಮಾತಾಡತೊಡಗಿದ್ದರು.

ಒಂದು ಬೆಳಿಗ್ಗೆ ತಾಳ್ಮೆ ಕೆಟ್ಟು ಏಣಿ ಹಾಕಿದೆ. ಹಂಚಿನ ಮೇಲೆ ತೆಂಗಿನ ಮಡಲು ಹೊದಿಸಿದೆ. ಅಷ್ಟಕ್ಕೇ ಬಿಡಬಹುದಿತ್ತು, ಆದರೆ ಕೈ ಹಾಕಿದ ಕೆಲಸವನ್ನು ಅತಿ ಮಾಡದೆ ಬಿಡುವ ಜಾಯಮಾನ ನನ್ನದಲ್ಲ. ಅಟ್ಟದ ತುಂಬ ಗೋಣಿಚೀಲ ಹಾಸಿ ನೀರು ಚಿಮುಕಿಸಿದೆ. ಮೂಲೆಯಲ್ಲಿ ಮೊರಗಳಲ್ಲಿ ಏನೋ ಹರವಿಟ್ಟಿತ್ತು. ಅಡ್ಡವಾಗುತ್ತದೆಂದು ಮೊರಗಳನ್ನು ಒಂದರ ಮೇಲೊಂದು ಪೇರಿಸಿ, ಅವಕ್ಕೂ ಒದ್ದೆ ಗೋಣಿ ಹೊದಿಸಿದೆ. ಆಮೇಲೆ ಬಿದ್ದ ನಿದ್ದೆಯನ್ನು ಏನೆಂದು ಹೇಳಲಿ! ವಾರವಿಡೀ ದಿನವೂ ಗೋಣಿ ತೋಯಿಸುವುದು, ಗೊರಕೆ ಹೊಡೆಯುವುದು.

ವಾರ ಕಳೆದು ಆಯಿ, ಅಂದರೆ ನನ್ನ ಅಮ್ಮ, ಅಟ್ಟ ಹತ್ತಿದಳು.

"ಅಯ್ಯೋ, ಯಾರಾ ಇಲ್ಲಿ ನೀರು ಹೊಯ್ದವ್ನು?"

ಮೊರದಲ್ಲಿದ್ದದ್ದು ಒಣಗಲು ಹಾಕಿದ ಮುರುಗಲು ಹಣ್ಣಿನ ಹುಳಿ ಸಿಪ್ಪೆ. ಇಡೀ ಮಳೆಗಾಲದ ಸಾರಿಗೆ, ಶರಬತ್ತಿಗೆ ಆಗಬೇಕಾದದ್ದು. ಅಂಕೋಲೆಯಲ್ಲಿರುವ ತಂಗಿಯ ಪಾಲೂ ಅದರಲ್ಲೇ ಇತ್ತು. ಮೇಲಿನ ಮೊರಕ್ಕೆಲ್ಲ ಬಿಳಿ ಬೂಸು ಹಿಡಿದಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

"ಮಧ್ಯಾಹ್ನಾದ್ರೆ ಮೋಡ, ಅಂಗಳದಲ್ಲಿ ಹಾಕೂಕೆ ಆಗೂದಿಲ್ಲ. ಅಟ್ಟದಲ್ಲಿ ಬಿಸಿ ಅದೆ, ಚಲೋ ಒಣಗ್ತದೆ ಅಂತ ಇಟ್ಟಿದ್ದೆ. ಇನ್ನು ಸಾರಿಗೆ ಎಂತಾ ಹಾಕೂದು, ನಿನ್ನ ನಿದ್ದೆಯನ್ನಾ?"

"ಸೆಖೆಗೆ ನಿದ್ದೆ ಬರೂದಿಲ್ಲಾಗಿತ್ತು ಆಯಿ..."

"ಮುರುಗಲಿಗೆ ಬಂತಲ್ಲಾ, ಕಡೇ ನಿದ್ದೆ!"

ಕೆಟ್ಟದ್ದನ್ನು ಬಿಸಾಡಿ, ಉಳಿದದ್ದಕ್ಕೆ ಉಪ್ಪು ಸವರಿ ಗಾಳಿ ಇರುವ ಜಾಗ ಹುಡುಕಿದಳು. ಮನೆಯಲ್ಲಿ ಜೋರು ಫ್ಯಾನು ಇರುವುದು ನನ್ನ ಕೋಣೆಯಲ್ಲಿ. ಹಾಸಿಗೆ ಸುತ್ತಿಟ್ಟು, ಮಂಚದ ಮೇಲೆ ಹಳೆಯ ಪಂಚೆ ಹಾಸಿ, ಮುರುಗಲನ್ನು ಒಂದೊಂದಾಗಿ ಮಲಗಿಸಿದಳು. ನಾನು ಬಾಗಿಲಲ್ಲೇ ಅತ್ತಿಂದಿತ್ತ ತಿರುಗುತ್ತಿದ್ದೆ. ರಾತ್ರಿ ಮತ್ತೆ ಪಾಳಿಯಿತ್ತು.

"ಆಯಿ, ನಾನೆಲ್ಲಿ ಮಲಗೂದು?"

ಅವಳು ತಲೆ ಎತ್ತದೆ ಅಂದಳು: "ಅಟ್ಟ ತಂಪು ಮಾಡ್ಕೊಂಡಿದ್ಯಲ್ಲಾ ಮರಾಯಾ, ಅಲ್ಲೇ ಮಲಗು."