ಹವಲ್ದಾರ್ ಕದಿರಪ್ಪನವರ ಕಲ್ಲು ಬಂದೂಕು

ಟೆಂಪೋದಿಂದ ಇಳಿಸುವಾಗ ಹವಲ್ದಾರ್ ಕದಿರಪ್ಪನವರ ಪ್ರತಿಮೆಗೆ ಹೆಚ್ಚೇನೂ ಆಗಲಿಲ್ಲ. ಮೀಸೆ, ಟೋಪಿ, ಬೂಟು ಎಲ್ಲ ನೆಟ್ಟಗಿದ್ದವು. ಬಂದೂಕಿನ ನಳಿಗೆ ಮಾತ್ರ ಹಗ್ಗಕ್ಕೆ ಸಿಕ್ಕಿ ಗೇಣುದ್ದ ಮುರಿದು, ತಾಯಲೂರು ರಸ್ತೆಯ ಬದಿಯಲ್ಲಿ ಜೋಡಿಸಿಟ್ಟಿದ್ದ ಟೊಮೆಟೊ ಕ್ರೇಟಿಗೆ ಬಿತ್ತು.

ಪ್ರತಿಮೆ ಕೆತ್ತಿದ ಶ್ರೀಧರಾಚಾರಿಗೆ ಜೀವ ಬಾಯಿಗೆ ಬಂತು. ಶಿವಾರಪಟ್ಟಣದಲ್ಲಿ ಅವನು ಕೆತ್ತಿದ ದೇವರುಗಳಿಗೆ ಲೆಕ್ಕವಿರಲಿಲ್ಲ. ಸೈನಿಕ ಇವನೇ ಮೊದಲು. ಇದು ಚೆನ್ನಾಗಿ ಬಂದರೆ ಪಕ್ಕದ ಊರಿನವರೂ ತಮ್ಮ ಸೈನಿಕನ ಪ್ರತಿಮೆ ಕೆತ್ತಿಸುವುದಾಗಿ ಹೇಳಿದ್ದರು. ಸಂಜೆಯೇ ಅನಾವರಣ. ಕದಿರಪ್ಪನವರ ಪಡೆಯಲ್ಲಿದ್ದ ನಿವೃತ್ತ ಕರ್ನಲ್ ಒಬ್ಬರು ಬರುವವರಿದ್ದರು.

"ಏನ್ ಆಚಾರ್ರೇ, ಯುದ್ಧ ಗೆದ್ದ ಬಂದೂಕನ್ನ ಟೆಂಪೋದಲ್ಲಿ ಮುರಿದುಬಿಟ್ರಲ್ಲಾ!" ಪ್ರತಿಮೆ ಸಮಿತಿಯ ಅಧ್ಯಕ್ಷ ಚಂದ್ರಮೋಹನ್ ತಲೆ ಮೇಲೆ ಕೈ ಹೊತ್ತ.

"ಗಾಬರಿ ಬೇಡಿ. ಎರಡೂ ಕಡೆ ತೂತು ಕೊರೆದು, ಒಳಗೆ ಉಕ್ಕಿನ ಕಂಬಿ ಕೂರಿಸಿ, ಕಲ್ಲಿಗೆ ಹಾಕೋ ಅಂಟು ತುಂಬಿದ್ರೆ ಆಯ್ತು. ಆದ್ರೆ ಡ್ರಿಲ್ಲು, ಅಂಟು ಎಲ್ಲ ನಮ್ಮೂರಲ್ಲೇ ಉಳಿದಿವೆ."

ಅಷ್ಟು ಹೇಳಿದ್ದೇ ತಪ್ಪಾಯಿತು. ಊರಿನಲ್ಲಿ ಯಾರ ಮನೆಯಲ್ಲಿ ಏನಿತ್ತೋ ಅದೆಲ್ಲ ಪ್ರತಿಮೆಯ ಬುಡಕ್ಕೆ ಬಂದು ಬಿತ್ತು. ಸ್ಪ್ಯಾನರ್, ಬೈಂಡಿಂಗ್ ವೈರು, ಪಂಚರ್ ಹಾಕುವ ಸಲ್ಯೂಷನ್, ಅರ್ಧ ಮೂಟೆ ಸಿಮೆಂಟು. ವೆಲ್ಡಿಂಗ್ ಅಂಗಡಿ ವೆಂಕಟ್ ತನ್ನ ಯಂತ್ರವನ್ನೇ ಎಳೆದು ತಂದ.

"ಕಲ್ಲಿಗೆ ವೆಲ್ಡಿಂಗ್ ಹಿಡಿಯಲ್ಲ ಕಣಪ್ಪಾ."

"ಪರ್ವಾಲೇದು ಸಾಮಿ, ಒಂದ್ಸಲ ಟ್ರೈ ಮಾಡೋಣ."

ಕಿಡಿ ಹಾರಿ ಶಾಮಿಯಾನಕ್ಕೆ ತೂತು ಬಿತ್ತು. ಕಲ್ಲಿಗೆ ಹಿಡಿದದ್ದು ಮಸಿಯೊಂದೇ. ಆಮೇಲೆ ವೆಂಕಟ್ ಕೊಟ್ಟ ಡ್ರಿಲ್ಲಿನಲ್ಲಿ ಕಬ್ಬಿಣ ಕೊರೆಯುವ ಬಿಟ್ ಇತ್ತು. ಅದು ಕಲ್ಲಿನ ಮೇಲೆ ಕಲ್ಯಾಣಮಂಟಪದ ನಾದಸ್ವರದಂತೆ ಕೂಗಿತೇ ಹೊರತು ಸಾಸಿವೆಯಷ್ಟೂ ಒಳಗಿಳಿಯಲಿಲ್ಲ. ಗೋಡೆ ಕೊರೆಯುವ ಬಿಟ್ ಹುಡುಕಿ ತರುವಷ್ಟರಲ್ಲಿ ಕರೆಂಟು ಹೋಯಿತು. ಕರೆಂಟು ಬಂದು, ತೂತು ಕೊರೆದು, ಕಂಬಿ ಕೂರಿಸುವ ಹೊತ್ತಿಗೆ ಮಧ್ಯಾಹ್ನ ಜಾರಿತ್ತು.

ಮುಳಬಾಗಿಲಿನಿಂದ ಅಂಟು ತರಿಸಿದರು. ಶ್ರೀಧರಾಚಾರಿ ಅದನ್ನು ಹದವಾಗಿ ಕಲಸಿ ನಳಿಗೆ ಕೂರಿಸಿ, ಹಗ್ಗ ಬಿಗಿದ. ಚಂದ್ರಮೋಹನ್‌ಗೆ ತಾಳ್ಮೆಯೆಲ್ಲಿ? "ಗಟ್ಟಿಯಾಯ್ತಾ?" ಎಂದು ಅಲ್ಲಾಡಿಸಿದ. ತಿರುಗಿ ಬಂದು ಅಲ್ಲಾಡಿಸಿದ. ಮೂರನೇ ಸಲ ನಳಿಗೆ ಕಳಚಿಕೊಂಡು ಅವನ ಕಾಲ್ಬೆರಳಿನ ಮೇಲೇ ಬಿತ್ತು.

"ನಿಮ್ಮ ಅಂಟೇ ಸರಿಯಿಲ್ಲ!" ಎಂದು ಕುಂಟುತ್ತಾ ಕೂಗಿದವನು, ಎರಡನೇ ಸಲ ಕಲಸುವಾಗ ಅಂಟನ್ನು ಬೇಗ ಗಟ್ಟಿಯಾಗಿಸುವ ಟ್ಯೂಬನ್ನು ಪೂರ್ತಿ ಹಿಂಡಿಬಿಟ್ಟ. ಶ್ರೀಧರಾಚಾರಿ ಬೇಡ ಬೇಡ ಎನ್ನುವಷ್ಟರಲ್ಲೇ ಕಾರಿನ ಹಾರನ್ ಕೇಳಿಸಿತು. ಅಂಟು ಮೆತ್ತಿದ ಕೈಯಲ್ಲೇ ಅವನು ನಳಿಗೆ ಕೂರಿಸಿದ. ಹಗ್ಗ ಬಿಗಿಯಲು ಪುರುಸೊತ್ತಿಲ್ಲ.

"ಆಚಾರ್ರೇ, ಪರದೆ ಒಳಗೆ ನಿಂತು ಕೈಯಲ್ಲೇ ಹಿಡ್ಕೊಳ್ಳಿ! ಭಾಷಣ ಮುಗಿಯೋಷ್ಟರಲ್ಲಿ ಒಣಗುತ್ತೆ, ಹಿಂದಿನಿಂದ ಜಾರ್ಕೊಂಡ್ಬಿಡಿ."

ಊರಿನ ಭಾಷಣಗಳ ಉದ್ದ ನೋಡಿದರೆ ಆ ಹೊತ್ತಿಗೆ ಇನ್ನೊಂದು ಪ್ರತಿಮೆ ಕೆತ್ತಬಹುದಿತ್ತು. ಆದರೆ ಕರ್ನಲ್ ಸಾಹೇಬರು ಮಿಲಿಟರಿಯವರು. ಮೈಕಿನಲ್ಲಿ ಎರಡೇ ಮಾತಾಡಿ, ಸರ್ರನೆ ಪರದೆ ಎಳೆದರು.

ಪರದೆಯ ಹಿಂದೆ ಇಬ್ಬರು ನಿಂತಿದ್ದರು. ಒಬ್ಬ ಕಲ್ಲಿನವನು. ಇನ್ನೊಬ್ಬ ಬೆವರುತ್ತಾ, ನಳಿಗೆ ಹಿಡಿದು, ಹಲ್ಲು ಕಿರಿಯುತ್ತಿದ್ದ.

ಜನ ಚಪ್ಪಾಳೆ ತಟ್ಟಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದರು. ಕರ್ನಲ್ ಮಾತ್ರ ಪ್ರತಿಮೆಯನ್ನು ಸುತ್ತು ಹಾಕಿ ನೋಡಿದರು.

"ಮೀಸೆ ನಮ್ಮ ಕದಿರಪ್ಪಂದೇ. ಆದ್ರೆ ಕೈಗೆ ಬಂದೂಕು ಯಾಕೆ ಕೊಟ್ರಿ? ಅವರು ನಮ್ಮ ಅಡುಗೆಯವರು ಕಣ್ರಿ! ಗಡಿಯ ಹಿಮದಲ್ಲಿ ಬಿಸಿ ಸಾರು ಕೊಟ್ಟು ನಮ್ಮನ್ನೆಲ್ಲ ಉಳಿಸಿದ್ದೇ ಅವರು. ಸೌಟಿರಬೇಕಿತ್ತು."

ಚಂದ್ರಮೋಹನ್ ಬೆಪ್ಪಾಗಿ, ಕರ್ನಲ್ ಜೊತೆ ಕಾರಿನಲ್ಲಿ ಬಂದಿದ್ದ ಕದಿರಪ್ಪನವರ ಹೆಂಡತಿ ಆಂಜಿನಮ್ಮನ ಕಡೆ ತಿರುಗಿದ. "ಏನಮ್ಮಾ ಇದು? ಹಗಲೂ ರಾತ್ರಿ ಬೆಂಕಿ ಮುಂದೆ ನಿಂತಿದ್ದೆ ಅಂತ ಅವರೇ ಹೇಳ್ತಿದ್ರಲ್ಲಾ?"

"ಹೂಂ ಕಣಪ್ಪಾ. ಒಲೆ ಬೆಂಕಿ."

"ಮೊದಲೇ ಹೇಳೋದಲ್ವಾ?"

"ಮಾಲೂರಿನ ಮಗಳ ಮನೇಲಿರೋ ನನ್ನ ಯಾರು ಬಂದು ಕೇಳಿದ್ರಿ? ಅವರು ಬಂದೂಕು ಹಿಡಿದು ನಿಂತ್ರೆ ನಾನು ಕೈ ಮುಗಿಯಲ್ಲ. ಸೌಟು ಕೊಡಿ."

"ಸರಿಯಾಗಿ ಹೇಳಿದ್ರಿ," ಎಂದರು ಕರ್ನಲ್.

ಚಂದ್ರಮೋಹನ್ ಕ್ಷಣವೂ ತಡಮಾಡಲಿಲ್ಲ. "ಕೇಳಿಸ್ತಾ ಆಚಾರ್ರೇ? ಹಸಿ ಇರುವಾಗ್ಲೇ ಕಿತ್ತುಬಿಡಿ, ಬೇಗ!"

ಶ್ರೀಧರಾಚಾರಿ ಎಳೆದ. ನಳಿಗೆ ಮಿಸುಕಲಿಲ್ಲ. ವೆಂಕಟ್ ಬಂದು ಅವನ ಸೊಂಟ ಹಿಡಿದು ಎಳೆದ. ಬೆಳಗಿನಿಂದ ನಿಲ್ಲಲೊಲ್ಲದ ನಳಿಗೆ ಈಗ ಬಂಡೆಯಂತೆ ನಿಂತಿತ್ತು.

"ಹೋಗ್ಲಿ ಬಿಡಿ ಆಚಾರ್ರೇ," ಎಂದ ಚಂದ್ರಮೋಹನ್ ಸೋತು. "ನಾಳೆ ಉಳಿ ತಂದು ಕೆತ್ತಿ ತೆಗೀರಿ. ಈಗ ಕೈ ತೆಗೆದು ಈಚೆ ಬನ್ನಿ, ಫೋಟೋ ತೆಗೀಬೇಕು."

"ಅದೇ ಸ್ವಾಮೀ," ಎಂದ ಶ್ರೀಧರಾಚಾರಿ ಅಳುವ ದನಿಯಲ್ಲಿ, "ನಾನೂ ಆಗಿಂದ ಎಳೀತಿರೋದು ನಳಿಗೇನಲ್ಲ, ಕೈನ."